ಹಳೆಯ ಸಾಫ್ಟ್‌ವೇರ್‌ನಲ್ಲಿ 4ಕೆ ವಿಡಿಯೊ ಸಂಕಲನ: ಹಂತ ಹಂತದ ಮಾರ್ಗದರ್ಶಿ

ಹೊಸ ಫೋನಿನಲ್ಲೋ ಕ್ಯಾಮೆರಾದಲ್ಲೋ ಚಿತ್ರೀಕರಿಸಿದ 4ಕೆ ವಿಡಿಯೊ ಹಳೆಯ ಎಡಿಟಿಂಗ್ ಸಾಫ್ಟ್‌ವೇರ್‌ನಲ್ಲಿ ತೆರೆದುಕೊಳ್ಳುವುದಿಲ್ಲ, ತೆರೆದರೂ ತಡೆತಡೆದು ಓಡುತ್ತದೆ, ಏನು ಮಾಡಬೇಕು ಎಂದು ಓದುಗರು ಮತ್ತೆ ಮತ್ತೆ ಕೇಳುತ್ತಿದ್ದಾರೆ. ಕೆಲವರಿಗೆ ಧ್ವನಿ ಕೇಳಿಸುತ್ತದೆ, ಚಿತ್ರವಿರಬೇಕಾದ ಜಾಗ ಕಪ್ಪಾಗಿರುತ್ತದೆ. ಇನ್ನು ಕೆಲವರಿಗೆ ಆರಂಭದಲ್ಲಿ ಎಲ್ಲವೂ ಸರಿಯಿದ್ದು, ಹತ್ತು ನಿಮಿಷ ಕಳೆಯುವಷ್ಟರಲ್ಲಿ ತುಟಿ ಒಂದು ಕಡೆ, ಮಾತು ಇನ್ನೊಂದು ಕಡೆ ಆಗಿರುತ್ತದೆ. ಹೊಸ ಸಾಫ್ಟ್‌ವೇರ್ ಕೊಳ್ಳಿ ಎಂಬ ಸಲಹೆ ಎಲ್ಲರಿಗೂ ಒಗ್ಗುವಂಥದ್ದಲ್ಲ. ಕೈಗೆ ಪಳಗಿದ ಉಪಕರಣವನ್ನು ಬಿಡಲು ಮನಸ್ಸಿಲ್ಲದವರು, ಹಳೆಯ ಕಂಪ್ಯೂಟರಿನಲ್ಲೇ ಕೆಲಸ ಸಾಗಿಸಬೇಕಾದವರು, ವರ್ಷಗಳ ಪ್ರಾಜೆಕ್ಟ್‌ಗಳನ್ನು ಅದೇ ಸಾಫ್ಟ್‌ವೇರ್‌ನಲ್ಲಿ ಕೂಡಿಟ್ಟವರು ಸಾಕಷ್ಟು ಮಂದಿ ಇದ್ದಾರೆ. ಈ ಲೇಖನ ಅವರಿಗಾಗಿ.

ಒಂದು ಮಾತನ್ನು ಮೊದಲೇ ಸ್ಪಷ್ಟಪಡಿಸುತ್ತೇನೆ. ನಿಮ್ಮ ಹಳೆಯ ಸಾಫ್ಟ್‌ವೇರ್‌ಗೆ ವಿಡಿಯೊವನ್ನು ಕತ್ತರಿಸಲು, ಜೋಡಿಸಲು, ಧ್ವನಿ ಹೊಂದಿಸಲು ಇಂದಿಗೂ ಚೆನ್ನಾಗಿಯೇ ಬರುತ್ತದೆ. ಅದಕ್ಕೆ ಬಾರದಿರುವುದು ಹೊಸ ಬಗೆಯ ಕಡತವನ್ನು ಬಿಚ್ಚುವುದು ಮತ್ತು ಹೊಸ ಬಗೆಯಲ್ಲಿ ಕಟ್ಟಿಕೊಡುವುದು ಮಾತ್ರ. ಆ ಎರಡು ಕೆಲಸಗಳನ್ನು ಹೊರಗಿನ ಉಚಿತ ಉಪಕರಣಗಳಿಗೆ ವಹಿಸಿ, ನಡುವಿನ ಸಂಕಲನವನ್ನಷ್ಟೇ ಹಳೆಯ ಸಾಫ್ಟ್‌ವೇರ್‌ಗೆ ಬಿಡುವುದು ಇಲ್ಲಿ ವಿವರಿಸುವ ಕ್ರಮ. ಮೂಲ ಕಡತವನ್ನು ನೇರವಾಗಿ ಟೈಮ್‌ಲೈನ್ ಮೇಲೆ ಎಳೆದು ಹಾಕುವ ಅಭ್ಯಾಸವನ್ನು ಕೈಬಿಟ್ಟರೆ ಅರ್ಧಕ್ಕಿಂತ ಹೆಚ್ಚಿನ ತೊಂದರೆಗಳು ಹುಟ್ಟುವುದೇ ಇಲ್ಲ.

ತೊಡಕು ಎಲ್ಲಿದೆ?

ವಿಡಿಯೊವನ್ನು ಕುಗ್ಗಿಸಿ ಇಡುವ ಮತ್ತು ಮತ್ತೆ ಬಿಚ್ಚಿ ತೋರಿಸುವ ವಿಧಾನಕ್ಕೆ ಕೋಡೆಕ್ ಎನ್ನುತ್ತಾರೆ. ಎಂಪಿ4, ಎಂಒವಿ ಮುಂತಾದವು ಕೋಡೆಕ್‌ಗಳಲ್ಲ; ಅವು ಚಿತ್ರ ಮತ್ತು ಧ್ವನಿಯನ್ನು ಒಟ್ಟಿಗೆ ತುಂಬಿಡುವ ಹೊರಕವಚಗಳು, ಅಂದರೆ ಕಂಟೇನರ್‌ಗಳು. ಹಾಗಾಗಿ "ನನ್ನ ಸಾಫ್ಟ್‌ವೇರ್ ಎಂಪಿ4 ತೆರೆಯುತ್ತದೆ, ಆದರೆ ಈ ಎಂಪಿ4 ಮಾತ್ರ ತೆರೆಯುವುದಿಲ್ಲ" ಎಂಬ ದೂರಿನಲ್ಲಿ ವಿಚಿತ್ರವೇನೂ ಇಲ್ಲ. ಕವಚ ಒಂದೇ ಆದರೂ ಒಳಗಿರುವ ಕೋಡೆಕ್ ಬೇರೆ.

ಇಂದಿನ ಫೋನುಗಳು ಹೆಚ್ಚಾಗಿ ಬಳಸುವ ಎಚ್.265 ಅಥವಾ ಎಚ್‌ಇವಿಸಿ ಎಂಬ ಮಾನಕ ಅಂಗೀಕಾರವಾದದ್ದು 2013ರಲ್ಲಿ. ಐಫೋನುಗಳಲ್ಲಿ ಇದು 2017ರ ಐಒಎಸ್ 11ರ ಜೊತೆಗೆ ಬಂದಿತು. 2009ರ ಫೈನಲ್ ಕಟ್ ಪ್ರೊ 7 ಆಗಲಿ, 2012ರ ಪ್ರೀಮಿಯರ್ ಪ್ರೊ ಸಿಎಸ್6 ಆಗಲಿ ತಯಾರಾದಾಗ ಈ ಮಾನಕ ಇನ್ನೂ ಸಿದ್ಧವಾಗಿರಲಿಲ್ಲ. ಅದನ್ನು ಅವು ಓದಲಾರವು ಎಂದರೆ ಅದರಲ್ಲಿ ನಿಮ್ಮ ತಪ್ಪೂ ಇಲ್ಲ, ಅವುಗಳ ತಪ್ಪೂ ಇಲ್ಲ.

ಓದಬಲ್ಲ ಕೋಡೆಕ್ ಆಗಿದ್ದರೂ ಇನ್ನೊಂದು ಸಮಸ್ಯೆ ಉಳಿಯುತ್ತದೆ. ಎಚ್.264 ಮತ್ತು ಎಚ್.265 ಎರಡೂ ಪ್ರತಿಯೊಂದು ಫ್ರೇಮನ್ನು ಇಡಿಯಾಗಿ ದಾಖಲಿಸುವುದಿಲ್ಲ. ಆಗೊಮ್ಮೆ ಈಗೊಮ್ಮೆ ಒಂದು ಪೂರ್ಣ ಫ್ರೇಮನ್ನು ಇಟ್ಟು, ನಡುವೆ ಏನು ಬದಲಾಯಿತು ಎಂಬುದನ್ನಷ್ಟೇ ಬರೆದಿಡುತ್ತವೆ. ನೋಡುವುದಕ್ಕೆ ಇದು ಸಾಕು. ಆದರೆ ಸಂಕಲನ ಮಾಡುವಾಗ ನೀವು ಟೈಮ್‌ಲೈನ್ ಮೇಲೆ ಹಿಂದೆ ಮುಂದೆ ಜಿಗಿಯುತ್ತೀರಿ. ಹಾಗೆ ಜಿಗಿದಾಗಲೆಲ್ಲ ಸಾಫ್ಟ್‌ವೇರ್ ಹಿಂದಿನ ಪೂರ್ಣ ಫ್ರೇಮನ್ನು ಹುಡುಕಿ, ಅಲ್ಲಿಂದ ಲೆಕ್ಕ ಹಾಕುತ್ತ ನೀವು ನಿಂತ ಜಾಗಕ್ಕೆ ಬರಬೇಕು. ಪ್ರತಿ ಫ್ರೇಮನ್ನೂ ಬಿಡಿಯಾಗಿ ಇಡುವ ಕೋಡೆಕ್‌ಗಳಿಗೆ ಆಲ್-ಇಂಟ್ರಾ ಎನ್ನುತ್ತಾರೆ. ಪ್ರೊರೆಸ್ ಮತ್ತು ಡಿಎನ್‌ಎಕ್ಸ್‌ಎಚ್‌ಡಿ ಈ ಬಗೆಯವು. ಇವುಗಳ ಕಡತ ದೊಡ್ಡದು, ಪ್ರೊಸೆಸರ್ ಮೇಲಿನ ಹೊರೆ ಕಡಿಮೆ.

ಮೂರನೆಯದು ನೆನಪಿನ ಮಿತಿ. 3840×2160, ಅಂದರೆ 4ಕೆ ಅಳತೆಯ ಒಂದು ಫ್ರೇಮಿನಲ್ಲಿ 82,94,400 ಬಿಂದುಗಳಿರುತ್ತವೆ. ಇದು 1920×1080 ಫ್ರೇಮಿನ ಸರಿಯಾಗಿ ನಾಲ್ಕು ಪಟ್ಟು. ಬಿಂದುವೊಂದಕ್ಕೆ 4 ಬೈಟ್ ಎಂದು ಹಿಡಿದರೂ ಬಿಚ್ಚಿದ ಒಂದು ಫ್ರೇಮ್ ಸುಮಾರು 33 ಎಂಬಿ ಜಾಗ ಬೇಡುತ್ತದೆ. 32-ಬಿಟ್ ಸಾಫ್ಟ್‌ವೇರ್‌ಗೆ ಕಂಪ್ಯೂಟರಿನಲ್ಲಿ ಎಷ್ಟೇ ರ‍್ಯಾಮ್ ಇದ್ದರೂ ಹೆಚ್ಚೆಂದರೆ 4 ಜಿಬಿಯಷ್ಟೇ ಮುಟ್ಟಲು ಸಾಧ್ಯ, ಅಂದರೆ ಬೇರೆ ಯಾವ ಖರ್ಚೂ ಇಲ್ಲವೆಂದುಕೊಂಡರೂ ನಾಲ್ಕೈದು ಸೆಕೆಂಡುಗಳಷ್ಟು ಚಿತ್ರ. ಫೈನಲ್ ಕಟ್ ಪ್ರೊ 7 ಮತ್ತು ಪ್ರೀಮಿಯರ್ ಪ್ರೊ ಸಿಎಸ್4 ಈ ವರ್ಗಕ್ಕೆ ಸೇರಿದವು. ಪ್ರೀಮಿಯರ್ ಸಿಎಸ್5ರಿಂದ, ಅಂದರೆ 2010ರಿಂದ, 64-ಬಿಟ್ ಆಯಿತು. ನಿಮ್ಮದು ಯಾವ ಬಗೆಯದು ಎಂಬುದನ್ನು ಮೊದಲು ತಿಳಿದುಕೊಳ್ಳಿ. ರ‍್ಯಾಮ್ ಹೆಚ್ಚಿಸಿದರೂ ಸಾಫ್ಟ್‌ವೇರ್ ಚುರುಕಾಗಲಿಲ್ಲ ಎಂಬ ದೂರಿನ ಹಿಂದೆ ಹಲವು ಬಾರಿ ಇರುವುದು ಈ ಮಿತಿಯೇ.

ಏನೇನು ಬೇಕು

ಮೂರು ಉಚಿತ ಉಪಕರಣಗಳು ಸಾಕು. ಕಡತದ ಒಳಗೇನಿದೆ ಎಂದು ತೋರಿಸುವ ಮೀಡಿಯಾಇನ್ಫೊ, ಸಂಕಲನಕ್ಕೆ ತಕ್ಕ ರೂಪಕ್ಕೆ ಬದಲಾಯಿಸುವ ಶಟರ್ ಎನ್‌ಕೋಡರ್, ಕೊನೆಯ ಪ್ರತಿಯನ್ನು ಕುಗ್ಗಿಸುವ ಹ್ಯಾಂಡ್‌ಬ್ರೇಕ್. ಆಜ್ಞಾಸಾಲು (ಕಮಾಂಡ್ ಲೈನ್) ಬಳಸಿ ರೂಢಿಯಿರುವವರು ಎಫ್‌ಎಫ್‌ಎಂಪೆಗ್ ಒಂದರಲ್ಲೇ ಪರಿವರ್ತನೆಯ ಎಲ್ಲ ಕೆಲಸ ಮುಗಿಸಬಹುದು. ಹ್ಯಾಂಡ್‌ಬ್ರೇಕ್ ಒಳ್ಳೆಯ ಉಪಕರಣವೇ, ಆದರೆ ಅದರ ಹಲವು ಆವೃತ್ತಿಗಳು ಪ್ರೊರೆಸ್ ಅಥವಾ ಡಿಎನ್‌ಎಕ್ಸ್‌ಎಚ್‌ಡಿ ರೂಪದ ಕಡತ ತಯಾರಿಸುವುದಿಲ್ಲ. ಇದನ್ನು ತಿಳಿಯದೆ ಅದರ ಮೆನುಗಳಲ್ಲಿ ಹುಡುಕಾಡುವವರು ಬಹಳ.

ಇವುಗಳ ಹೊಸ ಆವೃತ್ತಿಗಳು ಹಳೆಯ ಕಾರ್ಯಾಚರಣ ವ್ಯವಸ್ಥೆಯಲ್ಲಿ ಓಡದಿರಬಹುದು. ಹಾಗಿದ್ದರೆ ಪರಿವರ್ತನೆಯನ್ನು ಬೇರೊಂದು ಕಂಪ್ಯೂಟರಿನಲ್ಲಿ ಮಾಡಿಕೊಂಡು, ಫಲಿತ ಕಡತಗಳನ್ನು ಹಾರ್ಡ್ ಡಿಸ್ಕ್‌ನಲ್ಲಿ ತನ್ನಿ. ಆ ಡಿಸ್ಕ್ ಎಫ್‌ಎಟಿ32 ರೂಪದಲ್ಲಿದ್ದರೆ 4 ಜಿಬಿಗಿಂತ ದೊಡ್ಡ ಕಡತ ಅದರಲ್ಲಿ ಕೂರುವುದಿಲ್ಲ ಎಂಬುದು ನೆನಪಿರಲಿ.

ಜಾಗದ ಲೆಕ್ಕವನ್ನು ಮುಂಚಿತವಾಗಿ ಹಾಕಿ. ಸೆಕೆಂಡಿಗೆ 29.97 ಫ್ರೇಮ್ ವೇಗದ 1920×1080 ವಿಡಿಯೊ ಪ್ರೊರೆಸ್ 422 ರೂಪದಲ್ಲಿ ಗಂಟೆಗೆ ಸುಮಾರು 66 ಜಿಬಿ, ಅದರ ಹಗುರ ಬಗೆಯಾದ ಪ್ರೊರೆಸ್ ಪ್ರಾಕ್ಸಿ ರೂಪದಲ್ಲಿ ಸುಮಾರು 20 ಜಿಬಿ ಆಗುತ್ತದೆ. ಅದೇ ವಿಡಿಯೊವನ್ನು 3840×2160 ಅಳತೆಯಲ್ಲಿ ಪ್ರೊರೆಸ್ 422ಕ್ಕೆ ಬದಲಾಯಿಸಿದರೆ ಗಂಟೆಗೆ ಸುಮಾರು 265 ಜಿಬಿ. ಫೋನಿನಲ್ಲಿ ಹತ್ತು ಜಿಬಿಯೊಳಗಿದ್ದ ಚಿತ್ರೀಕರಣ ಇಷ್ಟು ಹಿಗ್ಗುವುದನ್ನು ಕಂಡು ಏನೋ ತಪ್ಪಾಗಿದೆ ಎಂದು ಗಾಬರಿಯಾಗಬೇಡಿ.

ಹಂತ 1: ಅಂತಿಮ ಪ್ರತಿಯ ಅಳತೆಯನ್ನು ಮೊದಲು ತೀರ್ಮಾನಿಸಿ

ಮುಂದಿನ ಎಲ್ಲ ಹಂತಗಳೂ ಈ ಒಂದು ತೀರ್ಮಾನದ ಮೇಲೆ ನಿಂತಿವೆ. ಚಿತ್ರೀಕರಣ 4ಕೆಯಲ್ಲಿ ಆಗಿದೆ ಎಂದ ಮಾತ್ರಕ್ಕೆ ಅಂತಿಮ ವಿಡಿಯೊ ಕೂಡ 4ಕೆ ಆಗಲೇಬೇಕೆಂದಿಲ್ಲ. ಅದು ಫೋನಿನಲ್ಲಿ, ಲ್ಯಾಪ್‌ಟಾಪ್‌ನಲ್ಲಿ, ಸಾಮಾನ್ಯ ಪ್ರೊಜೆಕ್ಟರ್‌ನಲ್ಲಿ ನೋಡುವಂಥದ್ದಾದರೆ 1080ಪಿ, ಅಂದರೆ 1920×1080 ಅಳತೆ, ಸಾಕು. 4ಕೆಯಿಂದ ಇಳಿಸಿದ 1080ಪಿ ಚಿತ್ರ, ನೇರವಾಗಿ 1080ಪಿಯಲ್ಲಿ ತೆಗೆದ ಚಿತ್ರಕ್ಕಿಂತ ಸಾಮಾನ್ಯವಾಗಿ ಸ್ವಚ್ಛವಾಗಿಯೇ ಕಾಣುತ್ತದೆ.

1080ಪಿ ಸಾಕು ಎಂದಾದರೆ ದಾರಿ ಸರಳ: ಎಲ್ಲವನ್ನೂ ಒಮ್ಮೆ 1080ಪಿ ಗುಣಮಟ್ಟದ ಕಡತಗಳಾಗಿ ಬದಲಾಯಿಸಿ, ಅವುಗಳಲ್ಲೇ ಸಂಕಲಿಸಿ, ಅವುಗಳಿಂದಲೇ ಎಕ್ಸ್‌ಪೋರ್ಟ್ ಮಾಡಿ. ಮೂಲಕ್ಕೆ ಮರಳುವ ಪ್ರಮೇಯವೇ ಇಲ್ಲ. ನೂರಕ್ಕೆ ತೊಂಬತ್ತು ಮಂದಿಗೆ ನಾನು ಹೇಳುವುದು ಇದನ್ನೇ. 4ಕೆ ಕಡ್ಡಾಯ ಎಂದಾದರೆ ಮಾತ್ರ ಪ್ರಾಕ್ಸಿ ದಾರಿ ಹಿಡಿಯಬೇಕು. ಪ್ರಾಕ್ಸಿ ಎಂದರೆ ಮೂಲದ ಬದಲಿಗೆ ತಾತ್ಕಾಲಿಕವಾಗಿ ಬಳಸುವ ಹಗುರವಾದ ಪ್ರತಿ. ಸಂಕಲನ ಮುಗಿದ ಮೇಲೆ ಅದರ ಜಾಗದಲ್ಲಿ ಪೂರ್ಣ ಅಳತೆಯ ಕಡತವನ್ನು ಕೂರಿಸಲಾಗುತ್ತದೆ.

1080ಪಿ ದಾರಿಯಲ್ಲಿ ಒಂದು ನಷ್ಟವಿದೆ. 4ಕೆ ಚಿತ್ರದ ಒಂದು ಭಾಗವನ್ನಷ್ಟೇ ಆಯ್ದು ಹತ್ತಿರದ ದೃಶ್ಯದಂತೆ ತೋರಿಸುವ ಅವಕಾಶ ಕೈತಪ್ಪುತ್ತದೆ. ಅಂಥ ದೃಶ್ಯಗಳು ನಾಲ್ಕಾರು ಇದ್ದರೆ, ಪರಿವರ್ತಿಸುವಾಗಲೇ ಶಟರ್ ಎನ್‌ಕೋಡರ್‌ನ ಕ್ರಾಪ್ ಸೌಲಭ್ಯದಿಂದ ಬೇಕಾದ 1920×1080 ಭಾಗವನ್ನು ಕತ್ತರಿಸಿ ಪ್ರತ್ಯೇಕ ತುಣುಕುಗಳಾಗಿ ಇಟ್ಟುಕೊಳ್ಳಿ.

ಹಂತ 2: ಕಡತದ ಒಳಗನ್ನು ಓದಿ

ಪ್ರತಿ ಕ್ಯಾಮೆರಾದಿಂದ ಒಂದೊಂದು ಕಡತವನ್ನು ಮೀಡಿಯಾಇನ್ಫೊದಲ್ಲಿ ತೆರೆದು ನೋಡಿ. ಗಮನಿಸಬೇಕಾದವು ಇವು: ಕೋಡೆಕ್‌ನ ಹೆಸರು, ಅಳತೆ, ಫ್ರೇಮ್ ದರ ಮತ್ತು ಅದು ಸ್ಥಿರವೋ ಅಸ್ಥಿರವೋ ಎಂಬುದು, ಬಿಟ್ ಡೆಪ್ತ್ (ಬಣ್ಣದ ಸೂಕ್ಷ್ಮತೆಯ ಅಳತೆ) 8 ಅಥವಾ 10, ಬಣ್ಣದ ಮಾನಕ, ತಿರುಗುವಿಕೆಯ ಸೂಚನೆ.

ಫ್ರೇಮ್ ದರ ಎಂದರೆ ಸೆಕೆಂಡಿಗೆ ಎಷ್ಟು ಫ್ರೇಮ್ ಎಂಬ ಲೆಕ್ಕ. ಫೋನುಗಳು ಬೆಳಕು ಮತ್ತು ಹೊರೆಗೆ ತಕ್ಕಂತೆ ಈ ದರವನ್ನು ಏರಿಳಿಸುತ್ತವೆ, ಒಮ್ಮೆ 30 ಇದ್ದದ್ದು ಇನ್ನೊಮ್ಮೆ 29.4 ಆಗಿರಬಹುದು. ಇಂಥದ್ದನ್ನು ಮೀಡಿಯಾಇನ್ಫೊ ವೇರಿಯಬಲ್ ಎಂದು ತೋರಿಸುತ್ತದೆ. ಹಳೆಯ ಸಾಫ್ಟ್‌ವೇರ್‌ಗಳು ಮಾತ್ರ ಎಲ್ಲ ಫ್ರೇಮ್‌ಗಳ ನಡುವಿನ ಅಂತರ ಒಂದೇ ಎಂದು ನಂಬಿಕೊಂಡು ಸಾಗುತ್ತವೆ. ತುಟಿಗೂ ಮಾತಿಗೂ ತಾಳ ತಪ್ಪಲು ಮುಖ್ಯ ಕಾರಣ ಇದೇ. ವ್ಯತ್ಯಾಸ ಎಷ್ಟು ಚಿಕ್ಕದಾದರೂ ಸಾಕು ಎಂಬುದಕ್ಕೆ ಒಂದು ಲೆಕ್ಕ ನೋಡಿ: 30 ಮತ್ತು 29.97ರ ನಡುವಿನ ಅಂತರ ಸಾವಿರಕ್ಕೆ ಒಂದು ಮಾತ್ರ; ಆದರೂ ಹತ್ತು ನಿಮಿಷದ ಕೊನೆಗೆ ಅದು 0.6 ಸೆಕೆಂಡ್, ಅಂದರೆ 18 ಫ್ರೇಮ್ ಆಗಿ ಬೆಳೆದಿರುತ್ತದೆ. ಎರಡು ಮೂರು ಫ್ರೇಮ್ ಹೆಚ್ಚುಕಡಿಮೆಯಾದರೇ ಸೂಕ್ಷ್ಮವಾಗಿ ನೋಡುವವರಿಗೆ ಗೊತ್ತಾಗುತ್ತದೆ. 18 ಫ್ರೇಮ್ ಯಾರ ಕಣ್ಣಿಗೂ ಬೀಳುತ್ತದೆ.

ಬಣ್ಣದ ಮಾನಕದ ಸಾಲಿನಲ್ಲಿ ಬಿಟಿ.709 ಎಂದಿದ್ದರೆ ಚಿಂತೆಯಿಲ್ಲ. ಬಿಟಿ.2020 ಮತ್ತು ಎಚ್‌ಎಲ್‌ಜಿ ಎಂದಿದ್ದರೆ ಅದು ಎಚ್‌ಡಿಆರ್ ವಿಡಿಯೊ, ಅಂದರೆ ಬೆಳಕು ನೆರಳಿನ ವ್ಯಾಪ್ತಿ ಹೆಚ್ಚಿರುವ ಬಗೆ. 2020ರ ಐಫೋನ್ 12ರಿಂದ ಈಚೆಗೆ ಇದು ಸಾಮಾನ್ಯವಾಗಿದೆ. ಹಳೆಯ ಸಾಫ್ಟ್‌ವೇರ್‌ಗೆ ಇದರ ಪರಿಚಯವಿಲ್ಲ; ಚಿತ್ರವನ್ನು ಬೂದು ಬಳಿದಂತೆ ಸಪ್ಪೆಯಾಗಿ ತೋರಿಸುತ್ತದೆ. ಅದನ್ನು ಬಣ್ಣದ ಗುಂಡಿಗಳಿಂದ ತಿದ್ದಲು ಕೂತರೆ ಸಂಜೆಯಾದರೂ ಚರ್ಮದ ಬಣ್ಣ ಸರಿಹೋಗುವುದಿಲ್ಲ. ಪರಿವರ್ತನೆಯ ಹಂತದಲ್ಲಿಯೇ ಎಸ್‌ಡಿಆರ್‌ಗೆ, ಅಂದರೆ ಸಾಮಾನ್ಯ ವ್ಯಾಪ್ತಿಗೆ, ಇಳಿಸಬೇಕು. ಈ ಇಳಿಕೆಗೆ ಟೋನ್ ಮ್ಯಾಪಿಂಗ್ ಎಂದು ಹೆಸರು. ಮುಂದಿನ ಚಿತ್ರೀಕರಣ ನಿಮ್ಮ ಕೈಯಲ್ಲೇ ಇದ್ದರೆ, ಫೋನಿನ ಕ್ಯಾಮೆರಾ ಸೆಟ್ಟಿಂಗ್‌ನಲ್ಲಿ ಎಚ್‌ಡಿಆರ್ ಅನ್ನು ಆಫ್ ಮಾಡಿಬಿಡುವುದು ಎಲ್ಲಕ್ಕಿಂತ ಸುಲಭ.

ಹಂತ 3: ಹೆಸರು ಮತ್ತು ಫೋಲ್ಡರ್‌ಗಳನ್ನು ಸರಿಪಡಿಸಿ

ಬೇಸರದ ಕೆಲಸ, ಆದರೆ ಇದನ್ನು ಬಿಟ್ಟವರು ಕೊನೆಯಲ್ಲಿ ಪಡುವ ಪಾಡು ದೊಡ್ಡದು. ಕ್ಯಾಮೆರಾಗಳು ಕಾರ್ಡ್ ಬದಲಾದಾಗ ಕಡತಗಳ ಸಂಖ್ಯೆಯನ್ನು ಮತ್ತೆ ಒಂದರಿಂದ ಆರಂಭಿಸುವುದುಂಟು. ಎರಡು ಬೇರೆ ದೃಶ್ಯಗಳಿಗೆ ಒಂದೇ ಹೆಸರಿದ್ದರೆ, ಪ್ರಾಕ್ಸಿ ಬದಲಿಸುವಾಗ ತಪ್ಪು ದೃಶ್ಯ ಬಂದು ಕೂರುತ್ತದೆ. ಪರಿವರ್ತನೆಗೂ ಮೊದಲೇ ಪ್ರತಿ ಕಡತಕ್ಕೂ ಬೇರೆ ಬೇರೆ ಹೆಸರು ಇರುವಂತೆ ನೋಡಿಕೊಳ್ಳಿ. ಹೆಸರಿನಲ್ಲಿ ಇಂಗ್ಲಿಷ್ ಅಕ್ಷರ, ಅಂಕಿ, ಅಡಿಗೆರೆ ಮಾತ್ರ ಇರಲಿ. ಕನ್ನಡದಲ್ಲಿ ಹೆಸರಿಟ್ಟರೆ ನಮಗೆ ಓದಲು ಹಿತ, ಆದರೆ ಹಳೆಯ ಸಾಫ್ಟ್‌ವೇರ್‌ಗಳಲ್ಲಿ ಹಲವು ಯೂನಿಕೋಡ್ ಅಕ್ಷರಗಳನ್ನು ಸರಿಯಾಗಿ ನಿಭಾಯಿಸುವುದಿಲ್ಲ. ಕಡತ ಕಣ್ಣೆದುರಿಗೇ ಇದ್ದರೂ ಸಿಗಲಿಲ್ಲ ಎನ್ನುತ್ತವೆ. ಫೋಲ್ಡರ್‌ಗಳ ಹೆಸರಿಗೂ ಇದೇ ನಿಯಮ.

ಮೂರು ಫೋಲ್ಡರ್ ಮಾಡಿಕೊಳ್ಳಿ: ಮೂಲ ಕಡತಗಳಿಗೆ ಒಂದು, ಸಂಕಲನದ ಪ್ರತಿಗಳಿಗೆ ಒಂದು, ಅಂತಿಮ ಪ್ರತಿಗಳಿಗೆ ಒಂದು. ಮೂಲದ ಇನ್ನೊಂದು ನಕಲು ಬೇರೆ ಡಿಸ್ಕ್‌ನಲ್ಲಿ ಇರಲೇಬೇಕು. ಕೆಲವು ಕ್ಯಾಮೆರಾಗಳು ಉದ್ದದ ಚಿತ್ರೀಕರಣವನ್ನು 4 ಜಿಬಿಗೊಂದರಂತೆ ತುಂಡು ಮಾಡಿ ಇಟ್ಟಿರುತ್ತವೆ. ಅವನ್ನು ಬಿಡಿಬಿಡಿಯಾಗಿ ಪರಿವರ್ತಿಸಿ ಟೈಮ್‌ಲೈನ್‌ನಲ್ಲಿ ಜೋಡಿಸಿದರೆ, ಸೇರುವ ಜಾಗದಲ್ಲಿ ಧ್ವನಿ ಒಂದೆರಡು ಫ್ರೇಮ್ ಕಡಿದುಹೋಗಬಹುದು. ಶಟರ್ ಎನ್‌ಕೋಡರ್‌ನಲ್ಲಿರುವ ಮರ್ಜ್ ಸೌಲಭ್ಯದಿಂದ ಮೊದಲು ಒಂದಾಗಿಸಿ, ಬಳಿಕ ಪರಿವರ್ತಿಸಿ.

ಹಂತ 4: ಸಂಕಲನಕ್ಕೆ ತಕ್ಕ ರೂಪವನ್ನು ಆರಿಸಿ

ಮ್ಯಾಕ್‌ನಲ್ಲಿ ಓಡುವ ಹಳೆಯ ಸಾಫ್ಟ್‌ವೇರ್ ಆದರೆ ಪ್ರೊರೆಸ್‌ಗಿಂತ ಒಳ್ಳೆಯ ಆಯ್ಕೆ ಇಲ್ಲ. ಅದು 2007ರಿಂದ ಇದೆ. ಪ್ರಾಕ್ಸಿ ಮತ್ತು ಎಲ್‌ಟಿ ಎಂಬ ಹಗುರ ಬಗೆಗಳು 2009ರಲ್ಲಿ ಸೇರಿಕೊಂಡವು. 1080ಪಿಯಲ್ಲೇ ಮುಗಿಸುವವರು ಪ್ರೊರೆಸ್ 422 ಆರಿಸಲಿ. ತಾತ್ಕಾಲಿಕ ಪ್ರತಿ ಮಾತ್ರ ಬೇಕಾದವರಿಗೆ ಪ್ರೊರೆಸ್ ಪ್ರಾಕ್ಸಿ ಸಾಕು.

ಆವಿಡ್ ಮೀಡಿಯಾ ಕಂಪೋಸರ್‌ನ ಹಳೆಯ ಆವೃತ್ತಿ ಬಳಸುವವರಿಗೆ ಡಿಎನ್‌ಎಕ್ಸ್‌ಎಚ್‌ಡಿ ಸರಿ. ಇದರ ಹಟವೊಂದಿದೆ: ನಿಗದಿಯಾದ ಅಳತೆ, ಫ್ರೇಮ್ ದರ ಮತ್ತು ಬಿಟ್‌ರೇಟ್‌ಗಳ ಕೆಲವೇ ಜೋಡಿಗಳನ್ನು ಅದು ಒಪ್ಪುತ್ತದೆ. ನಿಲುವಾಗಿ ಹಿಡಿದು ತೆಗೆದ ಫೋನ್ ವಿಡಿಯೊ ಈ ಚೌಕಟ್ಟಿಗೆ ಹೊಂದುವುದಿಲ್ಲ. ಎರಡೂ ಬದಿಗೆ ಕಪ್ಪು ಪಟ್ಟಿ ಸೇರಿಸಿ 1920×1080 ಮಾಡಿಕೊಳ್ಳಬೇಕು. 4ಕೆ ಅಳತೆಗೆಂದು ಬಂದ ಡಿಎನ್‌ಎಕ್ಸ್‌ಎಚ್‌ಆರ್ 2014ರದ್ದು. ಅದಕ್ಕಿಂತ ಹಳೆಯ ಸಾಫ್ಟ್‌ವೇರ್ ಅದನ್ನು ತಾನಾಗಿ ಓದೀತೆಂದು ಎಣಿಸಬೇಡಿ.

ವಿಂಡೋಸ್‌ನಲ್ಲಿ ತೊಡಕು ಹೆಚ್ಚು. ಅಲ್ಲಿನ ಹಳೆಯ ಸಾಫ್ಟ್‌ವೇರ್‌ಗಳು ಪ್ರೊರೆಸ್ ಓದಲು ಕ್ವಿಕ್‌ಟೈಮ್ ಎಂಬ ಹೆಚ್ಚುವರಿ ತಂತ್ರಾಂಶವನ್ನು ಬೇಡುತ್ತವೆ. ವಿಂಡೋಸ್‌ನ ಕ್ವಿಕ್‌ಟೈಮ್‌ಗೆ ಆಪಲ್ 2016ರಲ್ಲಿ ಬೆಂಬಲ ನಿಲ್ಲಿಸಿತು; ಅದರಲ್ಲಿ ಪತ್ತೆಯಾಗಿದ್ದ ಭದ್ರತಾ ಲೋಪಗಳು ಹಾಗೆಯೇ ಉಳಿದಿವೆ. ಇಂಟರ್ನೆಟ್ ಸಂಪರ್ಕವಿರುವ ಕಂಪ್ಯೂಟರಿನಲ್ಲಿ ಅದನ್ನು ಹಾಕಲೇಬೇಡಿ. ಅದರ ಬದಲು ಎಂಪಿ4 ಕವಚದಲ್ಲಿ, 8-ಬಿಟ್ ಎಚ್.264 ಕೋಡೆಕ್‌ನಲ್ಲಿ, ಕೀಫ್ರೇಮ್ ಅಂತರವನ್ನು 1ಕ್ಕೆ ಇಳಿಸಿ ಕಡತ ತಯಾರಿಸಿ. ಕೀಫ್ರೇಮ್ ಎಂದರೆ ಮೇಲೆ ಹೇಳಿದ ಪೂರ್ಣ ಫ್ರೇಮ್. ಅಂತರ 1 ಎಂದರೆ ಪ್ರತಿಯೊಂದೂ ಪೂರ್ಣ ಫ್ರೇಮೇ. ಹೀಗೆ ಸಾಮಾನ್ಯ ಎಚ್.264 ಕೂಡ ಆಲ್-ಇಂಟ್ರಾ ಆಗುತ್ತದೆ, ಎಚ್.264 ಓದಬಲ್ಲ ಸಾಫ್ಟ್‌ವೇರ್‌ಗೆ ಇದು ಹಿತವಾದ ಆಹಾರ. ಈ ಕೆಲಸಕ್ಕೆ ಹ್ಯಾಂಡ್‌ಬ್ರೇಕ್ ಕೂಡ ಆಗುತ್ತದೆ. ಲಾಗ್ ಬಗೆಯಲ್ಲಿ, ಅಂದರೆ ಬಣ್ಣ ತಿದ್ದುವುದಕ್ಕೆಂದೇ ಮಂಕಾಗಿ ದಾಖಲಿಸಿದ 10-ಬಿಟ್ ವಿಡಿಯೊಗೆ ಮಾತ್ರ ಇದು ಸಲ್ಲದು. 8-ಬಿಟ್‌ಗೆ ಇಳಿಸಿದ ಮೇಲೆ ಬಣ್ಣ ತಿದ್ದಲು ಹೋದರೆ ಆಕಾಶದಲ್ಲಿ ಪಟ್ಟೆಗಳು ಏಳುತ್ತವೆ. ಅಂಥದ್ದಕ್ಕೆ ಪರಿವರ್ತನೆಯ ವೇಳೆಯೇ ಲಟ್, ಅಂದರೆ ಬಣ್ಣ ಬದಲಾವಣೆಯ ಸಿದ್ಧಕೋಷ್ಟಕ, ಅನ್ವಯಿಸಿ ಸಾಮಾನ್ಯ ಬಣ್ಣಕ್ಕೆ ತಂದುಬಿಡಿ.

ಇಲ್ಲೊಂದು ಎಚ್ಚರಿಕೆ. ವಿಎಲ್‌ಸಿ ಪ್ಲೇಯರ್‌ನಲ್ಲಿ ಓಡುತ್ತದೆ, ಆದ್ದರಿಂದ ಎಡಿಟಿಂಗ್ ಸಾಫ್ಟ್‌ವೇರ್‌ನಲ್ಲೂ ಓಡಬೇಕು ಎಂಬ ತರ್ಕ ನಿಲ್ಲುವುದಿಲ್ಲ. ವಿಎಲ್‌ಸಿ ತನಗೆ ಬೇಕಾದ ಡಿಕೋಡರ್‌ಗಳನ್ನೆಲ್ಲ ತನ್ನೊಳಗೇ ಇಟ್ಟುಕೊಂಡಿರುತ್ತದೆ. ಇದನ್ನು ನೋಡಿ ಎಲ್ಲೆಲ್ಲಿಂದಲೋ ಕೋಡೆಕ್ ಪ್ಯಾಕ್ ತಂದು ತುಂಬಿಸುವವರಿದ್ದಾರೆ. ಅವು ಇರುವ ವ್ಯವಸ್ಥೆಯನ್ನೂ ಕೆಡಿಸಿ, ನಿನ್ನೆವರೆಗೆ ತೆರೆಯುತ್ತಿದ್ದ ಕಡತಗಳೂ ತೆರೆಯದಂತೆ ಮಾಡುತ್ತವೆ.

ಹಂತ 5: ಒಂದು ತುಣುಕಿನಿಂದ ಪರೀಕ್ಷಿಸಿ

ಎಲ್ಲವನ್ನೂ ಪರಿವರ್ತನೆಗೆ ಹಾಕಿ ಮಲಗುವ ಮುನ್ನ ಒಂದೇ ತುಣುಕಿನಲ್ಲಿ ಇಡೀ ದಾರಿಯನ್ನು ನಡೆದು ನೋಡಿ. ಕ್ಯಾಮೆರಾದ ಮುಂದೆ ನಿಂತು ಒಮ್ಮೆ ಚಪ್ಪಾಳೆ ತಟ್ಟಿ, ಹತ್ತು ನಿಮಿಷ ಹಾಗೆಯೇ ಓಡಲು ಬಿಟ್ಟು, ನಿಲ್ಲಿಸುವ ಮುನ್ನ ಇನ್ನೊಮ್ಮೆ ತಟ್ಟಿ. ಈ ತುಣುಕನ್ನು ಪರಿವರ್ತಿಸಿ ಟೈಮ್‌ಲೈನ್ ಮೇಲೆ ಇಡಿ. ಅಂಗೈಗಳು ಸೇರುವ ಫ್ರೇಮೂ ಧ್ವನಿಯ ಗೆರೆಯಲ್ಲಿ ಏಳುವ ಚೂಪು ಮೊನೆಯೂ ಎರಡು ತುದಿಗಳಲ್ಲೂ ಒಂದರ ಮೇಲೊಂದು ಕೂರಬೇಕು. ಮೊದಲ ಚಪ್ಪಾಳೆ ಸರಿಯಿದ್ದು ಕೊನೆಯದು ಜಾರಿದ್ದರೆ ಫ್ರೇಮ್ ದರ ತಪ್ಪಾಗಿದೆ. ಎರಡೂ ಒಂದೇ ಅಳತೆಯಲ್ಲಿ ಜಾರಿದ್ದರೆ ಧ್ವನಿಯನ್ನು ಅಷ್ಟು ಸರಿಸಿದರೆ ಸಾಕು, ಬೇರೆ ದೋಷವಿಲ್ಲ.

ಹಂತ 6: ಪರಿವರ್ತಿಸಿ

ಪರೀಕ್ಷೆ ಗೆದ್ದ ಸೆಟ್ಟಿಂಗ್ ಅನ್ನು ಉಳಿಸಿಟ್ಟುಕೊಂಡು ಎಲ್ಲ ಕಡತಗಳಿಗೂ ಅದನ್ನೇ ಹಾಕಿ. ಫ್ರೇಮ್ ದರವನ್ನು ಸ್ಥಿರ ಎಂದು ಆರಿಸಿ, ಸಂಖ್ಯೆಯನ್ನು ನೀವೇ ಕೊಡಿ. ಮೂಲದಂತೆಯೇ ಇರಲಿ ಎಂಬ ಆಯ್ಕೆಯನ್ನು ನಂಬಬೇಡಿ. ಸರಿಸುಮಾರು 30ರಲ್ಲಿ ತೆಗೆದದ್ದನ್ನು ಟೈಮ್‌ಲೈನ್‌ಗೆ ಹೊಂದುವಂತೆ 30 ಅಥವಾ 29.97ಕ್ಕೆ ಸ್ಥಿರಗೊಳಿಸಬಹುದು, 25ಕ್ಕೆ ಬದಲಾಯಿಸಿದರೆ ಚಲನೆ ಕುಂಟುತ್ತದೆ. ಧ್ವನಿಯನ್ನು ಎಎಸಿ ಎಂಬ ಕುಗ್ಗಿಸಿದ ರೂಪದಿಂದ ಬಿಡಿಸಿ 48 ಕಿಲೋಹರ್ಟ್ಸ್ ಪಿಸಿಎಂ ರೂಪಕ್ಕೆ ತನ್ನಿ. ಪಿಸಿಎಂ ಎಂದರೆ ಕುಗ್ಗಿಸದ ಧ್ವನಿ. ಎಂಪಿ4 ಕವಚ ಬಳಸುವವರು ಧ್ವನಿಯನ್ನು ಬೇರೆ ವೇವ್ ಕಡತವಾಗಿ ತೆಗೆದಿಟ್ಟುಕೊಳ್ಳುವುದು ಲೇಸು.

ಫೋನನ್ನು ನಿಲುವಾಗಿ ಅಥವಾ ತಲೆಕೆಳಗಾಗಿ ಹಿಡಿದಿದ್ದರೆ, ಅದು ಚಿತ್ರವನ್ನು ತಿರುಗಿಸುವ ಬದಲು "ತೋರಿಸುವಾಗ ತಿರುಗಿಸು" ಎಂಬ ಸೂಚನೆಯನ್ನಷ್ಟೇ ಕಡತದಲ್ಲಿ ಬರೆದಿರುತ್ತದೆ. ಹಳೆಯ ಸಾಫ್ಟ್‌ವೇರ್ ಆ ಸೂಚನೆಯನ್ನು ಓದುವುದಿಲ್ಲ, ಚಿತ್ರ ಅಡ್ಡ ಬಿದ್ದಿರುತ್ತದೆ. ಪರಿವರ್ತನೆಯಾದ ಮೇಲೆ ಚಿತ್ರ ನೆಟ್ಟಗೆ ನಿಂತಿದೆಯೇ ಎಂದು ಪ್ರತಿಯೊಂದನ್ನೂ ಒಮ್ಮೆ ಕಣ್ಣಾಡಿಸಿ.

ಹಂತ 7: ಸಂಕಲನ

ಸಂಕಲನದ ಕಲೆ ನಿಮಗೆ ತಿಳಿದದ್ದೇ. ಇಲ್ಲಿ ಹೇಳಬೇಕಾದದ್ದು ಹೊರೆ ತಗ್ಗಿಸುವ ಕೆಲವು ಸಂಗತಿಗಳು ಮಾತ್ರ. ಹೊಸ ಪ್ರಾಜೆಕ್ಟ್ ತೆರೆಯುವಾಗ ಅಳತೆ ಮತ್ತು ಫ್ರೇಮ್ ದರ ನಿಮ್ಮ ಪರಿವರ್ತಿತ ಕಡತಗಳಿಗೆ ಸರಿಯಾಗಿ ಹೊಂದಲಿ. ಮೊದಲು ಕತ್ತರಿಕೆ ಪೂರ್ತಿ ಮುಗಿಸಿ, ಬಣ್ಣ ಮತ್ತು ಎಫೆಕ್ಟ್‌ಗಳನ್ನು ಕೊನೆಗೆ ಇಟ್ಟುಕೊಳ್ಳಿ. ಅಲುಗಾಟ ನಿವಾರಣೆ ಮತ್ತು ನಾಯ್ಸ್ ತೆಗೆಯುವ ಕೆಲಸಗಳನ್ನು ಹಳೆಯ ಸಾಫ್ಟ್‌ವೇರ್‌ನೊಳಗೆ ಮಾಡಬೇಡಿ. ಸ್ಥಿರಚಿತ್ರಗಳನ್ನು ಸೇರಿಸುವಾಗಲೂ ಎಚ್ಚರವಿರಲಿ: 6000×4000 ಅಳತೆಯ ಒಂದು ಫೋಟೊ ಬಿಚ್ಚಿದಾಗ 96 ಎಂಬಿ ನುಂಗುತ್ತದೆ. ಹತ್ತು ಫೋಟೊಗಳ ಸರಣಿಯೊಂದು 32-ಬಿಟ್ ಸಾಫ್ಟ್‌ವೇರ್ ಅನ್ನು ಕೆಡವಿಬಿಡಬಲ್ಲದು. ಬೇಕಾದ ಅಳತೆಗೆ ಇಳಿಸಿ ತನ್ನಿ.

ಉದ್ದದ ಕೃತಿಯನ್ನು ಹತ್ತು ಹದಿನೈದು ನಿಮಿಷಗಳ ಬೇರೆ ಬೇರೆ ಪ್ರಾಜೆಕ್ಟ್‌ಗಳಾಗಿ ಒಡೆದು, ಕೊನೆಯಲ್ಲಿ ಜೋಡಿಸುವುದು ಕ್ಷೇಮ. ದಿನಕ್ಕೊಂದು ಹೊಸ ಹೆಸರಿನಲ್ಲಿ ಪ್ರಾಜೆಕ್ಟ್ ಉಳಿಸಿ. ಹಳೆಯ ಆವೃತ್ತಿಯ ಪ್ರಾಜೆಕ್ಟ್ ಅನ್ನು ಹೊಸ ಆವೃತ್ತಿ ಬಹುಪಾಲು ತೆರೆಯುತ್ತದೆ, ಹೊಸದರಲ್ಲಿ ಉಳಿಸಿದ್ದನ್ನು ಹಳೆಯದು ತೆರೆಯುವುದಿಲ್ಲ. ಹಾಗಾಗಿ "ಸ್ವಲ್ಪ ನೋಡಿ ಕೊಡುತ್ತೇನೆ" ಎಂದು ಹೊಸ ಆವೃತ್ತಿ ಇರುವವರು ಕೇಳಿದರೆ ನಕಲನ್ನು ಮಾತ್ರ ಕೊಡಿ.

ಹಂತ 8: 4ಕೆ ಬೇಕಾದವರು ಪ್ರಾಕ್ಸಿ ಬದಲಿಸುವುದು

1080ಪಿ ದಾರಿ ಹಿಡಿದವರು ಈ ಹಂತವನ್ನು ಬಿಟ್ಟು ಮುಂದೆ ಹೋಗಬಹುದು. ಉಳಿದವರು ನಿಧಾನವಾಗಿ ಓದಬೇಕು, ಏಕೆಂದರೆ ಕೆಲಸ ಕೆಡುವುದು ಹೆಚ್ಚಾಗಿ ಇಲ್ಲಿಯೇ. ಪ್ರೀಮಿಯರ್‌ನಲ್ಲಿ ಪ್ರಾಕ್ಸಿಗೆಂದೇ ಇರುವ ಸೌಲಭ್ಯ ಬಂದದ್ದು 2016ರಲ್ಲಿ. ಅದಕ್ಕೂ ಹಿಂದಿನ ಆವೃತ್ತಿಗಳಲ್ಲಿ ಎಲ್ಲವನ್ನೂ ಕೈಯಾರೆ ಮಾಡಬೇಕು.

ಸಂಕಲನ ಮುಗಿದ ಮೇಲೆ ಪ್ರಾಕ್ಸಿಯ ಜಾಗದಲ್ಲಿ ಕ್ಯಾಮೆರಾದ ಮೂಲ ಕಡತವನ್ನೇ ಕೂರಿಸುವುದು ಎಂದು ಹಲವರು ಭಾವಿಸುತ್ತಾರೆ. ಆ ಮೂಲವನ್ನು ಸಾಫ್ಟ್‌ವೇರ್ ಓದಲಾರದು ಎಂಬ ಕಾರಣಕ್ಕೇ ಅಲ್ಲವೇ ನಾವು ಇಷ್ಟು ದೂರ ಬಂದದ್ದು? ಕೂರಿಸಬೇಕಾದದ್ದು 3840×2160 ಅಳತೆಯಲ್ಲಿ, ಪ್ರಾಕ್ಸಿಯದೇ ಕೋಡೆಕ್ ಕುಟುಂಬದಲ್ಲಿ ಮತ್ತೊಮ್ಮೆ ಪರಿವರ್ತಿಸಿದ ಪ್ರತಿಯನ್ನು. ಗಂಟೆಗೆ 265 ಜಿಬಿಯ ಲೆಕ್ಕ ನೆನಪಿದೆಯಷ್ಟೆ. ಆದ್ದರಿಂದ ಚಿತ್ರೀಕರಿಸಿದ ಎಲ್ಲವನ್ನೂ ಪರಿವರ್ತಿಸಬೇಡಿ, ಅಂತಿಮ ಟೈಮ್‌ಲೈನ್‌ನಲ್ಲಿ ಉಳಿದ ತುಣುಕುಗಳನ್ನು ಮಾತ್ರ ಮಾಡಿ. ಅವುಗಳ ಪಟ್ಟಿಯನ್ನು ಪ್ರಾಜೆಕ್ಟ್‌ನಿಂದಲೇ ತೆಗೆಯಬಹುದು: ಬಳಕೆಯಾಗದ ತುಣುಕುಗಳನ್ನು ತೆಗೆದುಹಾಕುವ ಆಜ್ಞೆಯನ್ನು ಪ್ರಾಜೆಕ್ಟ್‌ನ ನಕಲೊಂದರ ಮೇಲೆ ಪ್ರಯೋಗಿಸಿ, ಉಳಿದವುಗಳ ಹೆಸರು ಬರೆದುಕೊಳ್ಳಿ.

ಹೊಸ ಪ್ರತಿಯ ಹೆಸರು, ವಿಸ್ತರಣೆ, ಫ್ರೇಮ್ ದರ, ಒಟ್ಟು ಅವಧಿ, ಆರಂಭದ ಟೈಮ್‌ಕೋಡ್ (ಫ್ರೇಮಿಗೆ ಹಾಕಿದ ಸಮಯದ ಗುರುತು), ಧ್ವನಿ ಚಾನೆಲ್‌ಗಳ ಸಂಖ್ಯೆ ಎಲ್ಲವೂ ಪ್ರಾಕ್ಸಿಯಂತೆಯೇ ಇರಬೇಕು. ಅವಧಿಯನ್ನು ಕತ್ತರಿಸಿ ಚಿಕ್ಕದು ಮಾಡಿದಿರೋ, ಕತ್ತರಿಕೆಗಳೆಲ್ಲ ಜಾರಿ ಬೇರೆಯೇ ಕ್ಷಣಗಳಲ್ಲಿ ಹೋಗಿ ನಿಲ್ಲುತ್ತವೆ. ನಂತರ ಸಾಫ್ಟ್‌ವೇರ್ ಮುಚ್ಚಿ, ಪ್ರಾಕ್ಸಿ ಫೋಲ್ಡರ್‌ನ ಹೆಸರು ಬದಲಿಸಿ. ಮತ್ತೆ ತೆರೆದಾಗ ಕಡತಗಳು ಸಿಗುತ್ತಿಲ್ಲ ಎಂದು ಸಾಫ್ಟ್‌ವೇರ್ ಕೇಳುತ್ತದೆ; ಆಗ 4ಕೆ ಪ್ರತಿಗಳ ಫೋಲ್ಡರ್ ತೋರಿಸಿ. ಫೈನಲ್ ಕಟ್ ಪ್ರೊ 7ರಲ್ಲಿ ಇದಕ್ಕೆ ರೀಕನೆಕ್ಟ್ ಮೀಡಿಯಾ ಎಂಬ ಆಜ್ಞೆಯಿದೆ, ಪ್ರೀಮಿಯರ್ ಸಿಎಸ್6ರಲ್ಲಿ ಒಂದೊಂದಾಗಿ ಬದಲಿಸಲು ರೀಪ್ಲೇಸ್ ಫೂಟೇಜ್ ಇದೆ.

ಬದಲಿಸಿದ ಕೂಡಲೇ ಚಿತ್ರಗಳು ಹಿಗ್ಗಿ ಅಂಚು ಮೀರಿ ಕಂಡರೆ ಬೆದರಬೇಡಿ. ಹಿಗ್ಗಿಸಿದ ಪ್ರಮಾಣವನ್ನು ಸಾಫ್ಟ್‌ವೇರ್ ಕಡತದ ಅಳತೆಯ ಶೇಕಡಾವಾರಿನಲ್ಲಿ ನೆನಪಿಟ್ಟಿರುತ್ತದೆ. 1920 ಅಗಲದ ಪ್ರಾಕ್ಸಿಯನ್ನು 4ಕೆ ಟೈಮ್‌ಲೈನ್‌ನಲ್ಲಿ 200 ಶೇಕಡಕ್ಕೆ ಹಿಗ್ಗಿಸಿದ್ದರೆ, 3840 ಅಗಲದ ಪ್ರತಿ ಬಂದಾಗಲೂ ಅದೇ 200 ಉಳಿದಿರುತ್ತದೆ. ಇದಕ್ಕೆ ಮದ್ದು ಮುಂಚಿತ ಎಚ್ಚರವೇ: ಪ್ರಾಕ್ಸಿಯಲ್ಲಿ ಕೆಲಸ ಮಾಡುವಾಗ ಹಿಗ್ಗಿಸುವುದು, ಸರಿಸುವುದು ಯಾವುದನ್ನೂ ಮಾಡದೆ, ಬದಲಾವಣೆಯಾದ ಮೇಲೆಯೇ ಮಾಡಿ.

ಹಂತ 9: ಅಂತಿಮ ಪ್ರತಿ ತೆಗೆಯುವುದು

ಹಳೆಯ ಸಾಫ್ಟ್‌ವೇರ್‌ನಿಂದ ನೇರವಾಗಿ ಎಂಪಿ4 ತೆಗೆಯಬೇಡಿ. ಅದರ ಎಚ್.264 ಎನ್‌ಕೋಡರ್ ಹಳೆಯದು. ಜೊತೆಗೆ 3840×2160 ಅಳತೆಯ, ಸೆಕೆಂಡಿಗೆ 30 ಫ್ರೇಮ್‌ನ ವಿಡಿಯೊಗೆ ಎಚ್.264ರಲ್ಲಿ 5.1 ಎಂಬ ಲೆವೆಲ್ ಬೇಕು, 60 ಫ್ರೇಮ್‌ಗೆ 5.2. ಲೆವೆಲ್ ಎಂದರೆ ಕಡತದ ಭಾರಕ್ಕೆ ಹಾಕಿದ ಮಿತಿ. 4.1ರಲ್ಲೇ ನಿಂತ ಎನ್‌ಕೋಡರ್ ಈ ಅಳತೆಯನ್ನು ಆರಿಸಲು ಬಿಡುವುದೇ ಇಲ್ಲ, ಎಷ್ಟೋ ಸಲ ಕಾರಣವನ್ನೂ ತಿಳಿಸುವುದಿಲ್ಲ. ಅದರ ಬದಲು ಸಂಕಲನಕ್ಕೆ ಬಳಸಿದ ಕೋಡೆಕ್‌ನಲ್ಲೇ ಒಂದು ದೊಡ್ಡ ಮಾಸ್ಟರ್ ಪ್ರತಿಯನ್ನು ತೆಗೆದು, ಆ ಮಾಸ್ಟರ್ ಅನ್ನು ಹ್ಯಾಂಡ್‌ಬ್ರೇಕ್‌ಗೆ ಕೊಟ್ಟು ಹಂಚಿಕೆಗೆ ಬೇಕಾದ ಎಚ್.264 ಅಥವಾ ಎಚ್.265 ಮಾಡಿಸಿ. ಹಳೆಯ ಸಾಫ್ಟ್‌ವೇರ್ ಮಾಸ್ಟರ್ ತೆಗೆಯುವಾಗಲೂ ನಡುವೆ ಬೀಳುತ್ತಿದ್ದರೆ ಐದೈದು ನಿಮಿಷದ ಭಾಗಗಳಾಗಿ ತೆಗೆದು ಹೊರಗೆ ಜೋಡಿಸಿ. ಭಾಗಗಳ ಗಡಿ ದೃಶ್ಯ ಬದಲಾಗುವ ಜಾಗದಲ್ಲಿರಲಿ, ಒಂದು ದೃಶ್ಯ ಇನ್ನೊಂದರಲ್ಲಿ ಕರಗುವ ಡಿಸಾಲ್ವ್‌ನ ನಡುವೆ ಬೇಡ.

ಯಾವಾಗ ಈ ದಾರಿಯನ್ನು ಬಿಡಬೇಕು

ಎಚ್‌ಡಿಆರ್ ರೂಪದಲ್ಲೇ ಒಪ್ಪಿಸಬೇಕು, ನಾಲ್ಕೈದು 4ಕೆ ಕ್ಯಾಮೆರಾಗಳ ನಡುವೆ ಬದಲಿಸುತ್ತ ಸಂಕಲಿಸಬೇಕು, ಅಥವಾ ವಾರಕ್ಕೆ ಹಲವು ವಿಡಿಯೊ ಹೊರಬರಬೇಕು ಎಂದಾದರೆ ಮೇಲಿನ ಕ್ರಮಕ್ಕೆ ತಗಲುವ ಸಮಯ ನಿಮಗೆ ಕಟ್ಟುವುದಿಲ್ಲ. ಉಚಿತವಾಗಿ ಸಿಗುವ ಶಾಟ್‌ಕಟ್ ಮತ್ತು ಕೆಡೆನ್‌ಲೈವ್‌ಗಳಲ್ಲಿ ಪ್ರಾಕ್ಸಿ ಸೌಲಭ್ಯ ಒಳಗೇ ಇದೆ. ಡಾವಿಂಚಿ ರಿಸಾಲ್ವ್‌ನ ಉಚಿತ ಆವೃತ್ತಿ 3840×2160ರವರೆಗೆ ಎಕ್ಸ್‌ಪೋರ್ಟ್ ಮಾಡುತ್ತದೆ, ಆದರೆ ಅದಕ್ಕೆ ಗಟ್ಟಿಯಾದ ಗ್ರಾಫಿಕ್ಸ್ ಕಾರ್ಡ್ ಬೇಕು.

ಹಳೆಯದರಲ್ಲಿ ಕತ್ತರಿಸಿ ಹೊಸದರಲ್ಲಿ ಮುಗಿಸುವ ನಡುದಾರಿಯೂ ಉಂಟು. ಫೈನಲ್ ಕಟ್ ಪ್ರೊ 7 ಮತ್ತು ಪ್ರೀಮಿಯರ್‌ನಿಂದ ಎಕ್ಸ್‌ಎಂಎಲ್ ಎಂಬ ಪಠ್ಯರೂಪದ ವಿವರಣೆಯನ್ನು ತೆಗೆದು ರಿಸಾಲ್ವ್‌ಗೆ ಕೊಟ್ಟರೆ ಕತ್ತರಿಕೆಗಳು, ಡಿಸಾಲ್ವ್‌ಗಳು, ಧ್ವನಿಯ ಸ್ಥಾನಗಳು ಹೆಚ್ಚುಕಡಿಮೆ ಹಾಗೆಯೇ ಬರುತ್ತವೆ. ಶೀರ್ಷಿಕೆಗಳು ಮತ್ತು ಹೊರಗಿನಿಂದ ಕೊಂಡ ಎಫೆಕ್ಟ್‌ಗಳು ಬರುವುದಿಲ್ಲ. ಇನ್ನೂ ಹಳೆಯದಾದ ಇಡಿಎಲ್ ಎಂಬ ಪಟ್ಟಿ ಒಂದೇ ವಿಡಿಯೊ ಟ್ರ್ಯಾಕ್ ಅನ್ನು ಒಯ್ಯುತ್ತದೆ, ಆದ್ದರಿಂದ ಮೇಲಿನ ಟ್ರ್ಯಾಕ್‌ಗಳನ್ನೆಲ್ಲ ಮೊದಲು ಒಂದಕ್ಕೆ ಇಳಿಸಿಕೊಳ್ಳಬೇಕು.

ಹಳೆಯದರಲ್ಲೇ ಮುಂದುವರಿಯುವವರು ಕಾರ್ಯಾಚರಣ ವ್ಯವಸ್ಥೆಯನ್ನು ನವೀಕರಿಸುವ ಮುನ್ನ ಎರಡು ಬಾರಿ ಯೋಚಿಸಿ: 2019ರ ಮ್ಯಾಕ್‌ಒಎಸ್ ಕ್ಯಾಟಲಿನಾದಿಂದ ಈಚೆಗೆ 32-ಬಿಟ್ ಸಾಫ್ಟ್‌ವೇರ್ ಒಂದೂ ಓಡುವುದಿಲ್ಲ. ಆನ್‌ಲೈನ್ ಸಕ್ರಿಯಗೊಳಿಸುವಿಕೆ ಬೇಡುವ ಹಳೆಯ ಆವೃತ್ತಿಗಳ ವಿಷಯದಲ್ಲಿ, ಆ ಸರ್ವರ್ ಇನ್ನೂ ಉತ್ತರಿಸುತ್ತದೆಯೇ ಎಂದು ತಿಳಿಯದೆ ಕಂಪ್ಯೂಟರನ್ನು ಫಾರ್ಮ್ಯಾಟ್ ಮಾಡಬೇಡಿ. ಆ ಕಂಪ್ಯೂಟರನ್ನು ಸಾಧ್ಯವಾದಷ್ಟು ಇಂಟರ್ನೆಟ್‌ನಿಂದ ದೂರವಿಡಿ. ಇಡೀ ಡಿಸ್ಕ್‌ನ ಪ್ರತಿಬಿಂಬ ನಕಲೊಂದನ್ನು ಮಾಡಿಟ್ಟುಕೊಂಡು, ಮುಗಿದ ಪ್ರತಿಯೊಂದು ಪ್ರಾಜೆಕ್ಟ್‌ನ ಜೊತೆಗೆ ಅದರ ಎಕ್ಸ್‌ಎಂಎಲ್ ಮತ್ತು ಮಾಸ್ಟರ್ ಪ್ರತಿಯನ್ನು ಬೇರೊಂದು ಡಿಸ್ಕ್‌ನಲ್ಲಿ ಸೇರಿಸಿಡಿ.